ಸದ್ದು ಫಿಲ್ಟರಿನದು, ಶಕ್ತಿ ಯಾರದು?

ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಅಂದರೆ ಟರ್ಬೊ, ಇರುವ ಕಾರಿಗೆ ಹೊಸ ಏರ್ ಫಿಲ್ಟರ್ ಹಾಕಿಸಿದವರ ಬಾಯಲ್ಲಿ ಒಂದೇ ಮಾತು: "ಪಿಕಪ್ ನೋಡಿ, ಹೇಗಾಗಿದೆ!" ಪಾಪ, ಸುಳ್ಳಾಡುವವರಲ್ಲ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯನ್ನು ಕಿತ್ತುಹಾಕಿ ಬರಿಮೈ ಫಿಲ್ಟರ್ ಕೂರಿಸಿದರೆ ಟರ್ಬೊ ಉಸಿರೆಳೆಯುವ ಸುಯ್ಲು ನೇರ ಕಿವಿಗೇ ಬರುತ್ತದೆ. ಸದ್ದು ಜೋರಾದರೆ ಓಟವೂ ಜೋರಾದಂತೆ ಅನಿಸುವುದು ಮನುಷ್ಯಸಹಜ.

ಗಾಳಿ ಸಲೀಸಾಗಿ ನುಗ್ಗಿದರೆ ಶಕ್ತಿ ಹೆಚ್ಚು ಎಂಬ ತರ್ಕ ಟರ್ಬೊ ಇಲ್ಲದ ಎಂಜಿನ್ನಿಗೆ ಅಷ್ಟಿಷ್ಟು ಹೊಂದುತ್ತದೆ. ಟರ್ಬೊ ಇದ್ದಲ್ಲಿ ಒತ್ತಡ ಎಷ್ಟಿರಬೇಕೆಂದು ಮೊದಲೇ ಗುರಿ ಹಾಕಿಕೊಂಡು ಕೂತಿರುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ನೀರಿನ ತೊಟ್ಟಿಯ ತೇಲುಗುಂಡನ್ನು ನೆನಪಿಸಿಕೊಳ್ಳಿ. ಪೈಪನ್ನು ದಪ್ಪ ಮಾಡಿದರೆ ತೊಟ್ಟಿ ಬೇಗ ತುಂಬೀತು. ಮಟ್ಟ ಮಾತ್ರ ಗುಂಡು ಹೇಳಿದಷ್ಟೇ. ಇಲ್ಲಿ ಆ ಗುಂಡಿನ ಕೆಲಸ ವೇಸ್ಟ್‌ಗೇಟ್ ಎಂಬ ಕವಾಟದ್ದು. ಗುರಿ ಮುಟ್ಟಿದ ಕೂಡಲೇ ಅದು ಎಂಜಿನ್ ಉಗುಳುವ ಬಿಸಿ ಹೊಗೆಯ ಒಂದು ಪಾಲನ್ನು ಟರ್ಬೊ ತಿರುಗಿಸುವ ಚಕ್ರವಾದ ಟರ್ಬೈನಿಗೆ ಸೋಕದಂತೆ ಪಕ್ಕದ ದಾರಿಯಲ್ಲಿ ಬಿಟ್ಟುಬಿಡುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಹೊರಗಿನ ಗಾಳಿಯ ಒತ್ತಡ 100 ಕಿಲೋಪ್ಯಾಸ್ಕಲ್, ಇಸಿಯು ಗುರಿ 200. ಹಳೆಯ ಫಿಲ್ಟರ್ 3 ಕಿಲೋಪ್ಯಾಸ್ಕಲ್ ನುಂಗುತ್ತದೆ ಎನ್ನಿ. ಆಗ ಟರ್ಬೊ 97ನ್ನು 200ಕ್ಕೆ ಏರಿಸಬೇಕು, ಅಂದರೆ 2.06 ಪಟ್ಟು. ಫಿಲ್ಟರೇ ಇಲ್ಲದಿದ್ದರೆ 2 ಪಟ್ಟು. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆಲ್ಲ ಗೊತ್ತು. ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನ ದಕ್ಷತೆ 70% ಆದರೆ, 27 ಡಿಗ್ರಿಯ ಗಾಳಿ ಎರಡನೆಯ ಲೆಕ್ಕದಲ್ಲಿ ಸುಮಾರು 121 ಡಿಗ್ರಿಗೂ ಮೊದಲನೆಯದರಲ್ಲಿ ಸುಮಾರು 125ಕ್ಕೂ ಏರುತ್ತದೆ. ವ್ಯತ್ಯಾಸ ನಾಲ್ಕೇ ಡಿಗ್ರಿ. ಅದರಲ್ಲೂ ಹೆಚ್ಚಿನದನ್ನು ಮುಂದಿರುವ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ತಿಂದುಹಾಕುತ್ತದೆ. ಇದರ ಮೇಲೆ ಆ ಬರಿಮೈ ಫಿಲ್ಟರ್ ಬಾನೆಟ್ಟಿನೊಳಗಿನ 50 ಡಿಗ್ರಿಯ ಸೆಕೆಯನ್ನೇ ಹೀರತೊಡಗಿದರೆ ಗಾಳಿಯ ಸಾಂದ್ರತೆ 7% ಕುಸಿಯುತ್ತದೆ. ದುಡ್ಡು ಕೊಟ್ಟು ಕೊಂಡ ಲಾಭ ಅಲ್ಲಿಗೆ ಮುಗಿಯಿತು.

ಪೈಪನ್ನೂ ಬದಲಿಸಿದರೆ ಇನ್ನೊಂದು ಪೇಚು. ಅನೇಕ ಕಾರುಗಳು ಒಳಬರುವ ಗಾಳಿಯನ್ನು ಅಳೆಯುವುದು ಕಾದ ತಂತಿಯೊಂದರಿಂದ. ಗಾಳಿ ಅದನ್ನು ಎಷ್ಟು ತಣಿಸಿತು ಎಂಬುದರಿಂದ ಇಸಿಯು ತೂಕವನ್ನು ಅಂದಾಜು ಮಾಡುತ್ತದೆ. ಪೈಪಿನ ವ್ಯಾಸ 10% ಹಿಗ್ಗಿದರೆ ಅಡ್ಡಕೊಯ್ತ 21% ಹಿಗ್ಗುತ್ತದೆ. ಅಷ್ಟೇ ಗಾಳಿ ಈಗ ನಿಧಾನವಾಗಿ ಹಾಯುತ್ತದೆ, ತಂತಿ ಕಡಿಮೆ ತಣಿಯುತ್ತದೆ, ಇಸಿಯು ಕಡಿಮೆ ಪೆಟ್ರೋಲ್ ಚಿಮ್ಮಿಸುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಪೂರ್ಣ ಒತ್ತಡದಲ್ಲಿ ಎಂಜಿನ್ ತಂಪಾಗಿರಲೆಂದು ಬೇಕೆಂದೇ ಹೆಚ್ಚು ಪೆಟ್ರೋಲ್ ಸುರಿದು ಅದನ್ನು 12ರ ಆಸುಪಾಸಿಗೆ ಇಳಿಸುವುದುಂಟು. ಆ ಧಾರಾಳತನವೇ ಇಲ್ಲಿ ಗುಟ್ಟಾಗಿ ಸೋರಿಹೋಗುತ್ತದೆ.

ನಿಜವಾದ ಶಕ್ತಿ ಬರುವುದು ಗುರಿಯನ್ನೇ ಬದಲಿಸಿದಾಗ. ರಿಮ್ಯಾಪ್ ಎಂದರೆ ಅಷ್ಟೇ: ಒತ್ತಡ, ಪೆಟ್ರೋಲ್, ಕಿಡಿಯ ಹೊತ್ತು, ಈ ಕೋಷ್ಟಕಗಳನ್ನು ತಿದ್ದಿ ಬರೆಯುವುದು. ಹಾಗಾದರೆ ತಯಾರಕರೇ ಏಕೆ ಅಷ್ಟನ್ನೂ ಕೊಡಲಿಲ್ಲ? ಅವರ ಎದುರಿಗಿರುವ ಭೂತದ ಹೆಸರು ನಾಕಿಂಗ್. ಒಣಹುಲ್ಲಿನ ಬಯಲಿಗೆ ಒಂದು ಮೂಲೆಯಲ್ಲಿ ಬೆಂಕಿ ಇಟ್ಟರೆ ಅದು ಸಾಲುಸಾಲಾಗಿ ಹಬ್ಬಬೇಕು. ಸಿಲಿಂಡರಿನೊಳಗೆ ಒತ್ತಡವೂ ಬಿಸಿಯೂ ಮಿತಿಮೀರಿದರೆ ಇನ್ನೂ ಜ್ವಾಲೆ ತಲುಪದ ಮೂಲೆ ತಾನಾಗಿಯೇ ಭಗ್ಗೆನ್ನುತ್ತದೆ. ಮುಂದೆ ಬರುತ್ತಿರುವ ಉಯ್ಯಾಲೆಯನ್ನು ಎದುರಿನಿಂದ ತಳ್ಳಿದಂತೆ ಪಿಸ್ಟನ್‌ಗೆ ಏಟು. ಉಯ್ಯಾಲೆಗೆ ಕೈ ಅಡ್ಡ ಕೊಟ್ಟಂತೆ ಎಂದರೂ ಸಾಲದು, ಸುತ್ತಿಗೆ ಕೊಟ್ಟಂತೆ.

ಇದು ಹೊಸ ತಲೆನೋವಲ್ಲ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಟರ್ಬೊ ಕಲ್ಪನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಟರ್ಬೊ ಹೊತ್ತು ರಸ್ತೆಗಿಳಿಯಿತು. ನಾಕಿಂಗ್ ತಡೆಯಲು ಅದಕ್ಕೆ ನೀರು, ಮೆಥನಾಲ್ ಬೆರೆಸಿದ ದ್ರವದ ಪುಟ್ಟ ಟ್ಯಾಂಕೂ ಇತ್ತು. ಅದನ್ನು ತುಂಬಿಸಲು ಮಾಲೀಕರೇ ಮರೆಯುತ್ತಿದ್ದರು! ಟ್ಯಾಂಕ್ ಬರಿದಾದರೆ ಕಾರು ತಾನೇ ಒತ್ತಡ ಇಳಿಸಿಕೊಳ್ಳುತ್ತಿತ್ತು. ಇಂದು ಆ ಕಾವಲು ಎಂಜಿನ್ನಿಗೆ ಕಿವಿಯೊಡ್ಡಿ ಕೂತ ನಾಕ್ ಸೆನ್ಸರಿನದು. ಸದ್ದು ಕೇಳಿದೊಡನೆ ಇಸಿಯು ಕಿಡಿಯನ್ನು ತಡಮಾಡುತ್ತದೆ. ಶಕ್ತಿ ಇಳಿಯುತ್ತದೆ, ಪಿಸ್ಟನ್ ಉಳಿಯುತ್ತದೆ.

ಗೆಳೆಯನೊಬ್ಬ ಎರಡನ್ನೂ ಮಾಡಿಸಿದ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತವನು ನಾನು. ಬರೀ ಫಿಲ್ಟರ್ ಹಾಕಿದ ದಿನ ಒತ್ತಡದ ಗೆರೆ ಹಳೆಯ ಗೆರೆಯ ಮೇಲೇ ಕೂತಿತ್ತು, ವೇಸ್ಟ್‌ಗೇಟ್ ಮಾತ್ರ ಕೂದಲೆಳೆಯಷ್ಟು ಹೆಚ್ಚು ತೆರೆದಿತ್ತು. ರಿಮ್ಯಾಪ್ ಆದ ಮರುದಿನದ ಚಳಿ ಬೆಳಗಿನಲ್ಲಿ ಕಾರು ಬೆನ್ನನ್ನು ಸೀಟಿಗೆ ಒತ್ತಿತು, ನಾಕ್ ಕಾಲಮ್ಮಿನಲ್ಲಿ ಸೊನ್ನೆ. ಅದೇ ದಿನ ಸುಡುಮಧ್ಯಾಹ್ನ ಅದೇ ಏರಿನಲ್ಲಿ ಮೂರನೆಯ ಸಿಲಿಂಡರಿನ ಎದುರು ಕಿಡಿ ನಾಲ್ಕು ಡಿಗ್ರಿ (ಬಿಸಿಯದಲ್ಲ, ಎಂಜಿನ್ ತಿರುಗುವ ಕೋನದ್ದು) ತಡ ಎಂದು ತೋರಿಸಿತು. "ಸೌಂಡ್ ಕೇಳಿದೆಯಾ?" ಎಂದ ಗೆಳೆಯ. ನಾಕ್ ಸೆನ್ಸರ್ ಕೇಳಿತ್ತು.