ಕೊಟ್ಟ ಯಂತ್ರ, ಕೇಳಿ ಪಡೆದ ಯಂತ್ರ

ಹಳೆಯ ವೈಜ್ಞಾನಿಕ ಉಪಕರಣಗಳನ್ನು ಪರಿಶೀಲಿಸಿ ದಾಖಲಿಸುವುದು ನನ್ನ ಕೆಲಸ. ದೂರದರ್ಶಕವೊಂದು ಮೇಜಿನ ಮೇಲೆ ಬಂದರೆ ತಯಾರಕರ ಹೆಸರು, ಇಸವಿ ಬರೆದುಕೊಂಡು ಆಮೇಲೆ ಸವೆತ ಹುಡುಕುತ್ತೇನೆ. ಬೆರಳು ಆಡಿದ ಕಡೆ ಹಿತ್ತಾಳೆ ನುಣುಪಾಗಿದೆಯೇ, ಸ್ಕ್ರೂ ತಲೆ ಸವೆದಿದೆಯೇ, ಯಾರಾದರೂ ಬಿಚ್ಚಿ ರಿಪೇರಿ ಮಾಡಿದ್ದಾರೆಯೇ? ದೊಡ್ಡವರಿಗೆ ಕಾಣಿಕೆಯಾಗಿ ಬಂದ ಎಷ್ಟೋ ಉಪಕರಣಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಅಮೆರಿಕ ಮೊದಲ ಸಲ ಚೀನಾಕ್ಕೆ ರಾಯಭಾರಿಯನ್ನು ಕಳಿಸಿದಾಗ ಜೊತೆಗೆ ಹೊರಟ ಕಾಣಿಕೆಗಳ ಪಟ್ಟಿಯನ್ನೂ ನಾನು ಇದೇ ಕಣ್ಣಿನಿಂದ ಓದುತ್ತೇನೆ.

ರಾಯಭಾರಿ ಕೇಲಬ್ ಕುಶಿಂಗ್. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಬ್ರಿಟಿಷರಿಗೆ ಐದು ಬಂದರುಗಳು ತೆರೆದಿದ್ದವು. ಅದೇ ಸೌಲಭ್ಯ ತಮಗೂ ಬೇಕೆಂದು ಅಮೆರಿಕ ಮರುವರ್ಷ ಇವರನ್ನು ಕಳಿಸಿತು. ಪಟ್ಟಿಯಲ್ಲಿ ಆರು ಗುಂಡಿನ ರಿವಾಲ್ವರುಗಳು, ಉಗಿ ಹಡಗಿನ ಮಾದರಿ, ಉಗಿಯಿಂದ ಮಣ್ಣು ಅಗೆಯುವ ಯಂತ್ರದ ಮಾದರಿ, ಡ್ಯಾಗೆರೊಟೈಪ್ ಛಾಯಾಚಿತ್ರದ ಸಲಕರಣೆ, ದೂರದರ್ಶಕ, ವಾಯುಭಾರಮಾಪಕ, ಒಂದು ಅಮೆರಿಕನ್ ವಿಶ್ವಕೋಶ, ಕೋಟೆ ಕಟ್ಟುವ ಮತ್ತು ಹಡಗು ಕಟ್ಟುವ ವಿದ್ಯೆಯ ಪುಸ್ತಕಗಳು. ಚಕ್ರವರ್ತಿಗೆ ಕೊಡುವ ಕಾಣಿಕೆಗಿಂತ ಇದು ಮಾರಾಟಗಾರನ ಕ್ಯಾಟಲಾಗಿಗೇ ಹತ್ತಿರ. ಇಂಗ್ಲೆಂಡಿನ ಫಿರಂಗಿಗಳಿಂದ ಆಗಷ್ಟೇ ಪೆಟ್ಟು ತಿಂದಿದ್ದವರಿಗೆ, ‘ಆ ವಿದ್ಯೆ ನಮ್ಮಲ್ಲೂ ಇದೆ, ನಾವು ನಿಮ್ಮ ಸ್ನೇಹಿತರು’ ಎಂಬ ಸೂಚನೆಯೂ ಅದರಲ್ಲಿ ಅಡಗಿತ್ತು.

ದಾರಿಯಲ್ಲೇ ಎಡವಟ್ಟು. ಕುಶಿಂಗ್ ಹತ್ತಿದ್ದು ‘ಮಿಸ್ಸೌರಿ’ ಎಂಬ ಹೊಚ್ಚಹೊಸ ಉಗಿ ಯುದ್ಧನೌಕೆ. 1843ರ ಆಗಸ್ಟ್‌ನಲ್ಲಿ ಜಿಬ್ರಾಲ್ಟರ್ ಬಂದರಿನಲ್ಲಿ ಅದರ ಉಗ್ರಾಣದಲ್ಲಿದ್ದ ಟರ್ಪೆಂಟೈನ್ ಬುದ್ದಲಿ ಒಡೆದು, ಬೆಂಕಿ ಹತ್ತಿ, ಹಡಗು ಪೂರ್ತಿ ಸುಟ್ಟುಹೋಯಿತು. ಉಗಿಯ ಮಹಿಮೆ ತೋರಿಸಲು ಹೊರಟವರು ಈಜಿಪ್ಟಿನ ಮೂಲಕ ಬೊಂಬಾಯಿಗೆ ಬಂದು, ಅಲ್ಲಿಂದ ‘ಬ್ರಾಂಡಿವೈನ್’ ಎಂಬ ಹಾಯಿ ಹಡಗಿನಲ್ಲಿ ಮಕಾವ್ ಮುಟ್ಟಿದರು.

ಇಂಥ ಕಾಣಿಕೆಗೆ ಚೀನಾದಲ್ಲಿ ಏನಾಗುತ್ತದೆ ಎಂಬುದಕ್ಕೆ ಐವತ್ತು ವರ್ಷ ಹಿಂದಿನ ಉದಾಹರಣೆ ಇತ್ತು. 1793ರಲ್ಲಿ ಬ್ರಿಟನ್ನಿನ ಲಾರ್ಡ್ ಮೆಕಾರ್ಟ್ನಿ ಗ್ರಹಗಳ ಚಲನೆ ತೋರಿಸುವ ಯಂತ್ರ, ಯುದ್ಧನೌಕೆಯ ಮಾದರಿ, ಫಿರಂಗಿಗಳನ್ನು ಹೊತ್ತು ಹೋಗಿದ್ದರು. ‘ನಮ್ಮಲ್ಲಿ ಎಲ್ಲವೂ ಇದೆ’ ಎಂದು ಚಿಯನ್‌ಲಾಂಗ್ ಚಕ್ರವರ್ತಿ ಉತ್ತರ ಬರೆಸಿದ. 1860ರಲ್ಲಿ ಬ್ರಿಟಿಷ್ ಸೈನಿಕರು ಬೀಜಿಂಗಿನ ಬೇಸಿಗೆ ಅರಮನೆಗೆ ನುಗ್ಗಿದಾಗ ಆ ಫಿರಂಗಿಗಳು ಬಳಕೆಯಾಗದೆ ಹಾಗೆಯೇ ಬಿದ್ದಿದ್ದವು. (ಆ ನಿಯೋಗದ ಕಾರ್ಯದರ್ಶಿ ಜಾರ್ಜ್ ಸ್ಟಾಂಟನ್ ನಮ್ಮವರಿಗೆ ಪೂರ್ತಿ ಅಪರಿಚಿತರಲ್ಲ. 1784ರ ಮಾರ್ಚ್‌ನಲ್ಲಿ ಟಿಪ್ಪುವಿನೊಂದಿಗೆ ಮಂಗಳೂರು ಒಪ್ಪಂದ ಮಾಡಿಕೊಂಡ ಕಮಿಷನರುಗಳಲ್ಲಿ ಅವರೂ ಒಬ್ಬರು. ಅವರನ್ನು ಕಳಿಸಿದ ಮದ್ರಾಸ್ ಗವರ್ನರ್ ಇದೇ ಮೆಕಾರ್ಟ್ನಿ.)

ಮಂಗಳೂರು ಒಪ್ಪಂದಕ್ಕೆ ಕೆಲವೇ ವಾರ ಮೊದಲು, 1784ರ ಫೆಬ್ರವರಿಯಲ್ಲಿ, ಚೀನಾಕ್ಕೆ ಹೊರಟ ಮೊದಲ ಅಮೆರಿಕನ್ ವ್ಯಾಪಾರಿ ಹಡಗು ‘ಎಂಪ್ರೆಸ್ ಆಫ್ ಚೈನಾ’ ನ್ಯೂಯಾರ್ಕ್ ಬಿಟ್ಟಿತ್ತು. ಅದರಲ್ಲಿದ್ದ ಮುಖ್ಯ ಸರಕು ಸುಮಾರು 30 ಟನ್ ಜಿನ್ಸೆಂಗ್ ಬೇರು. ಚೀನೀಯರಿಗೆ ಬೇಕಾದ್ದನ್ನು ತಿಳಿದು ಒಯ್ದಿದ್ದರು, ಲಾಭ ಮಾಡಿಕೊಂಡು ಬಂದರು. ವರ್ತಕರಿಗಿದ್ದ ಈ ತಿಳಿವಳಿಕೆ ಕುಶಿಂಗರ ಪಟ್ಟಿ ಮಾಡಿದವರಿಗೆ ಇರಲಿಲ್ಲ ಅನ್ನಿಸುತ್ತದೆ.

ಕುಶಿಂಗರ ಎದುರು ಮಾತುಕತೆಗೆ ಕೂತವರು ಚೀಯಿಂಗ್ ಎಂಬ ನುರಿತ ಅಧಿಕಾರಿ. ಈ ಮನುಷ್ಯ ಬೀಜಿಂಗಿಗೆ ಬರದಂತೆ ನೋಡಿಕೊಳ್ಳುವುದೇ ಅವರ ಮುಖ್ಯ ಚಿಂತೆ, ಅದರಲ್ಲಿ ಗೆದ್ದರು. 1844ರ ಜುಲೈ 3ರಂದು ಮಕಾವ್ ಪಕ್ಕದ ವಾಂಗ್‌ಶಿಯಾ ಹಳ್ಳಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅಮೆರಿಕಕ್ಕೆ ಬೇಕಾದ್ದು ಸಿಕ್ಕಿತು. ಯಂತ್ರಗಳನ್ನು ಚಕ್ರವರ್ತಿಯ ಮುಂದೆ ಜೋಡಿಸಿ ನಡೆಸಿ ತೋರಿಸುವ ಸಂದರ್ಭ ಮಾತ್ರ ಬರಲಿಲ್ಲ.

ಬಂದಿದ್ದರೂ ಏನಾಗುತ್ತಿತ್ತು? ಡ್ಯಾಗೆರೊಟೈಪನ್ನೇ ತೆಗೆದುಕೊಳ್ಳಿ. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಬೇಕು, ಅಯೋಡಿನ್ ಆವಿ ಹಿಡಿಸಬೇಕು, ಚಿತ್ರ ತೆಗೆದ ಮೇಲೆ ಕಾಸಿದ ಪಾದರಸದ ಆವಿಯಲ್ಲಿ ಮೂಡಿಸಬೇಕು. ತಗಡು ಮುಗಿದ ದಿನ ಕ್ಯಾಮೆರಾ ಬರೀ ಮರದ ಪೆಟ್ಟಿಗೆ. ಸಲಕರಣೆಯ ಜೊತೆಗೆ ಅದನ್ನು ಬಲ್ಲ ಕೈಯೂ ಸಾಮಗ್ರಿ ಸರಬರಾಜೂ ಬರಬೇಕು. ಚೀಯಿಂಗ್ ಅವರ ಛಾಯಾಚಿತ್ರವೇನೋ ನಮಗೆ ಸಿಕ್ಕಿದೆ. ಅದೇ ವರ್ಷ ಅದನ್ನು ತೆಗೆದವರು ಫ್ರೆಂಚ್ ನಿಯೋಗದ ಜೊತೆ ಬಂದ ಜೂಲ್ಸ್ ಇಟಿಯೆ, ಸ್ವತಃ ಆ ವಿದ್ಯೆ ಕಲಿತಿದ್ದವರು.

ಅಮೆರಿಕನ್ನರ ಕೈಯಿಂದ ಚೀನೀ ಅಧಿಕಾರಿಯೊಬ್ಬರು ಕೇಳಿ ಪಡೆದು ನಿಜವಾಗಿ ಬಳಸಿದ ಸಾಧನಕ್ಕೆ ಉದಾಹರಣೆ ಬೇಕಾದರೆ ನಾನು ಹೇಳುವುದು ಹರ್ನಿಯಾ ಬೆಲ್ಟ್. ಕ್ಯಾಂಟನ್ನಿನಲ್ಲಿ ಪೀಟರ್ ಪಾರ್ಕರ್ ಎಂಬ ಅಮೆರಿಕನ್ ಮಿಷನರಿ ವೈದ್ಯರು 1835ರಲ್ಲಿ ಕಣ್ಣಾಸ್ಪತ್ರೆ ತೆರೆದಿದ್ದರು. ಅವರ ದಾಖಲೆಯಲ್ಲಿ 6565ನೇ ರೋಗಿಯಾಗಿ ಲಿನ್ ಝೆಶು ಇದ್ದಾರೆ. 1839ರಲ್ಲಿ ಬ್ರಿಟಿಷರಿಂದ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ಕಸಿದು ನಾಶ ಮಾಡಿಸಿದ ಅದೇ ಲಿನ್. ವೈದ್ಯರು ಈ ರೋಗಿಯನ್ನು ಕಣ್ಣಿಂದ ನೋಡಲೇ ಇಲ್ಲ, ಏಕೆಂದರೆ ಲಿನ್ ಪರದೇಶಿಯ ಮುಂದೆ ಬರಲೊಪ್ಪಲಿಲ್ಲ. ಬೆಲ್ಟಿನ ಉಕ್ಕಿನ ಸ್ಪ್ರಿಂಗು ಸೊಂಟ ಸುತ್ತಿ, ತುದಿಯ ದಿಂಡು ಕರುಳು ಹೊರಬರುವ ಜಾಗವನ್ನು ಒತ್ತಿ ಹಿಡಿಯಬೇಕು. ಮೈ ಅಳತೆ ಇಲ್ಲದೆ ಹೇಗೆ ಕೊಡುವುದು ಎಂದು ಪಾರ್ಕರ್ ತಕರಾರು ತೆಗೆದರು. ಲಿನ್ ಮೊದಲು ಅದೇ ತೊಂದರೆಯಿದ್ದ ಸೇನಾಧಿಕಾರಿಯನ್ನು ಕಳಿಸಿದರು. ಆತನಿಗೆ ಬೆಲ್ಟ್ ಹಿಡಿಸಿತು, ನೆಮ್ಮದಿಯಾಯಿತು. ಪರೀಕ್ಷೆ ಮುಗಿದಂತಾಯಿತಲ್ಲ! ಕೊನೆಗೆ ಅರ್ಧ ಡಜನ್ ಬೆಲ್ಟ್ ಒಟ್ಟಿಗೆ ಕಳಿಸಿಬಿಡಿ, ಹೊಂದಿದ್ದನ್ನು ಅವರೇ ಹಾಕಿಕೊಳ್ಳಲಿ ಎಂಬ ಸಲಹೆ ಬಂತು. ಕಳಿಸಿದ್ದು ಒಂದು ಮಟ್ಟಿಗೆ ಕೆಲಸ ಮಾಡಿತು, ಕೆಮ್ಮಿದಾಗ ಮಾತ್ರ ಜಾರುವಂತಿತ್ತು. ನನ್ನ ವೃತ್ತಿಯವರಿಗೆ ಈ ಕೆಮ್ಮಿನ ವಿವರಕ್ಕಿಂತ ಒಳ್ಳೆಯ ದಾಖಲೆ ಬೇಡ. ಬಳಸಿದವರು ಮಾತ್ರ ಇಂಥ ದೂರು ಹೇಳಬಲ್ಲರು.

ಚೀನೀಯರಿಗೆ ಯಂತ್ರಗಳಲ್ಲಿ ಆಸಕ್ತಿಯೇ ಇರಲಿಲ್ಲ ಎಂಬ ಮಾತು ಇದರ ಎದುರು ನಿಲ್ಲುವುದಿಲ್ಲ. ಕುಶಿಂಗ್ ಬರುವ ಮೊದಲೇ ಕ್ಯಾಂಟನ್ನಿನ ಸಿರಿವಂತ ಪಾನ್ ಶಿಚೆಂಗ್ ಸ್ವಂತ ದುಡ್ಡಿನಲ್ಲಿ ಒಬ್ಬ ಅಮೆರಿಕನ್ನನ್ನು ಇಟ್ಟುಕೊಂಡು ಹಡಗು ಸಿಡಿಸುವ ಜಲಸ್ಫೋಟಕಗಳನ್ನು ಮಾಡಿಸಿದ್ದರು. 1843ರಲ್ಲಿ ಅವುಗಳ ಪ್ರಯೋಗ ಟಿಯಾಂಜಿನ್ ಬಳಿ ನಡೆಯಿತು.

ದೊಡ್ಡ ಖರೀದಿಗೆ ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಯೇಲ್‌ನಲ್ಲಿ ಪದವಿ ಪಡೆದ ಯುಂಗ್ ವಿಂಗ್‌ರನ್ನು 1863ರಲ್ಲಿ ಚೀನಾದ ಹಿರಿಯ ಅಧಿಕಾರಿ ಝೆಂಗ್ ಗುವೊಫಾನ್ ಅಮೆರಿಕಕ್ಕೆ ಕಳಿಸಿದರು. ಯುಂಗ್ ವಿಂಗ್ ರಿವಾಲ್ವರ್ ತರಲಿಲ್ಲ, ಬಂದೂಕು ತರಲಿಲ್ಲ. ಬೇರೆ ಯಂತ್ರಗಳನ್ನು ತಯಾರಿಸಬಲ್ಲ ಯಂತ್ರಗಳನ್ನೇ ಮೊದಲು ತರಬೇಕೆಂಬುದು ಅವರ ನಿಲುವು. ಅಂತರ್ಯುದ್ಧದ ಆರ್ಡರುಗಳಲ್ಲಿ ಅಲ್ಲಿನ ಕಾರ್ಖಾನೆಗಳು ಮುಳುಗಿದ್ದರೂ ಮ್ಯಾಸಚೂಸೆಟ್ಸ್‌ನ ಫಿಚ್‌ಬರ್ಗ್‌ನಲ್ಲಿದ್ದ ಪಟ್ನಮ್ ಕಂಪನಿ ಒಪ್ಪಿಕೊಂಡಿತು. ಯಂತ್ರಗಳು ಶಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರ ಸೇರಿದವು. 1868ರಲ್ಲಿ ಅಲ್ಲಿಂದ ಮೊದಲ ಉಗಿ ಹಡಗು ನೀರಿಗಿಳಿಯಿತು. ಎಂಜಿನ್ ಹೊರಗಿನಿಂದ ಕೊಂಡು ದುರಸ್ತಿ ಮಾಡಿದ ಹಳೆಯದು, ಬಾಯ್ಲರ್ ಮತ್ತು ಹಡಗಿನ ಒಡಲು ಮಾತ್ರ ಅಲ್ಲಿಯೇ ಮಾಡಿದವು.