ರೀಲ್ ಕ್ಯಾಮೆರಾ ಕೊಳ್ಳುವ ಮುಂಚೆ ಲೆನ್ಸಿನ ಮೇಲಿನ ಅಕ್ಷರ ಓದಿ

ರೀಲ್ ಕ್ಯಾಮೆರಾ, ಅಂದ್ರೆ ಫಿಲ್ಮ್ ರೋಲ್ ಹಾಕುವ ಹಳೇ ಕ್ಯಾಮೆರಾ ಬೇಕು ಅಂತ ಬರುವ ಹುಡುಗರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ಹೆಸರು: ನಿಕಾನ್ ಎಫ್‌ಎಂ2. ನೋಡೋಕೆ ಚೆಂದ, ಗಟ್ಟಿಮುಟ್ಟು, ಬ್ಯಾಟರಿ ಇಲ್ಲದೆಯೂ ಶಟರ್ ಓಡುತ್ತದೆ. ಎಲ್ಲ ನಿಜ. ಆದರೆ ನಿಮ್ಮ ಡಿಜಿಟಲ್ ಕ್ಯಾಮೆರಾದ ಬ್ಯಾಗಿನಲ್ಲಿರುವುದು 50 ಎಂಎಂ ಎಫ್1.8ಜಿ ಲೆನ್ಸ್ ಆಗಿದ್ದರೆ ಆ ಆಸೆ ಬಿಡಿ.

ನಿಕಾನಿನ ಎಫ್ ಮೌಂಟ್ (ಲೆನ್ಸ್ ಕೂರುವ ಜಾಗದ ಅಚ್ಚು) 1959ರಿಂದ ಬಂದದ್ದು, ಹಾಗಾಗಿ ಲೆನ್ಸ್ ಟಕ್ಕಂತ ಕೂರುತ್ತದೆ, ವ್ಯೂಫೈಂಡರಿನಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದೆ, ಅನುಮಾನವೇ ಬರೋದಿಲ್ಲ. 'ಜಿ' ಅಂದ್ರೆ ಅಪರ್ಚರ್ (ಬೆಳಕು ಒಳಬಿಡುವ ತೂತು) ಹಿಗ್ಗಿಸಿ ಕುಗ್ಗಿಸುವ ರಿಂಗ್ ಇಲ್ಲದ ಲೆನ್ಸ್. ಎಫ್‌ಎಂ2ನಲ್ಲಿ ಕ್ಲಿಕ್ ಮಾಡಿದಾಗಲೆಲ್ಲ ಆ ತೂತು ಪೂರ್ತಿ ಕಿರಿದಾಗಿ ಎಫ್16ಕ್ಕೆ ಹೋಗಿ ನಿಲ್ಲುತ್ತದೆ. ಗೊತ್ತಾಗೋದು ರೋಲ್ ತೊಳೆಸಿದ ಮೇಲೇ.

ಈ ಲೆನ್ಸಿಗೆ ನಿಕಾನಿನದೇ ರೀಲ್ ಕ್ಯಾಮೆರಾಗಳಾದ ಎಫ್80 ಅಥವಾ ಎಫ್100 ಸರಿ. ಎರಡೂ ಬಾಡಿಯಿಂದಲೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅಪರ್ಚರ್ ಬದಲಿಸುತ್ತವೆ, ಎರಡರಲ್ಲೂ ಫೋಕಸ್ ಮೋಟಾರ್ ಇದೆ, ಆದ್ದರಿಂದ ಡಿ5600ನಂಥ ಮೋಟಾರಿಲ್ಲದ ಡಿಜಿಟಲ್ ಬಾಡಿಯಲ್ಲಿ ಆಟೋಫೋಕಸ್ ಆಗದ ಹಳೇ 'ಡಿ' ಲೆನ್ಸು ಕೂಡ ಇಲ್ಲಿ ಆರಾಮಾಗಿ ಓಡುತ್ತದೆ. ನನ್ನ ಓಟು ಎಫ್100ಕ್ಕೆ, ಯಾಕಂದ್ರೆ ಅದಕ್ಕೆ ನಾಲ್ಕು ಡಬಲ್ ಎ ಸೆಲ್ ಸಾಕು, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಎಫ್80ಗೆ ಸಿಆರ್123ಎ ಎರಡು ಬೇಕು, ಹುಡುಕಬೇಕು. ಹಳೆಯ ಎಫ್80ಗಳ ಹಿಂದಿನ ಬಾಗಿಲಿನ ರಬ್ಬರ್ ಅಂಟಂಟಾಗಿರುತ್ತದೆ. ಕಿರಿಕಿರಿ ಅಷ್ಟೇ, ಕೆಲಸಕ್ಕೆ ತೊಂದರೆಯಿಲ್ಲ.

ಡಿಎಕ್ಸ್, ಅಂದ್ರೆ ಸಣ್ಣ ಸೆನ್ಸರಿಗೆ ಮಾಡಿದ ಲೆನ್ಸಿನಲ್ಲಿ ಚಿತ್ರದ ಮೂಲೆಗಳು ಕಪ್ಪಾಗುತ್ತವೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಎಎಫ್-ಪಿ. ಈಚಿನ ಕಿಟ್ ಲೆನ್ಸುಗಳಲ್ಲಿ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ಈ ಅಕ್ಷರ ಇರುತ್ತದೆ, ರೀಲ್ ಬಾಡಿಗೆ ಹಾಕಿದರೆ ರಿಂಗ್ ಎಷ್ಟು ತಿರುಗಿಸಿದರೂ ಫೋಕಸ್ ಕದಲೋದಿಲ್ಲ. ಹೆಸರಿನಲ್ಲಿ 2.8ಇ ಅಂತಿರುವ ದುಬಾರಿ ಲೆನ್ಸಿನದ್ದು 'ಜಿ'ಗೆ ಉಲ್ಟಾ ಕಥೆ, ರೀಲ್ ಬಾಡಿಯಲ್ಲಿ ಅಪರ್ಚರ್ ಕಿರಿದಾಗೋದೇ ಇಲ್ಲ.

ಕ್ಯಾನನ್‌ನವರಿಗೆ ಇಷ್ಟು ತಲೆನೋವಿಲ್ಲ. ಇಎಫ್ ಮೌಂಟ್ 1987ರಲ್ಲಿ ಇಒಎಸ್ 650 ಜೊತೆ ಬಂತು, ಮೊದಲಿನಿಂದಲೂ ಎಲ್ಲ ವಿದ್ಯುತ್ ಸಂಪರ್ಕದಲ್ಲೇ ನಡೆಯುತ್ತದೆ, ಹಾಗಾಗಿ ಇವತ್ತಿನ ಇಎಫ್ 50 ಎಂಎಂ ಎಸ್‌ಟಿಎಂ ಲೆನ್ಸ್ ಅಂದಿನ ಬಾಡಿಯಲ್ಲೂ ಫೋಕಸ್ ಮಾಡುತ್ತದೆ. ಲೆನ್ಸಿನ ಬುಡದಲ್ಲಿ ಕೆಂಪು ಚುಕ್ಕೆ ಇದ್ದರೆ ಸರಿ, ಬಿಳಿ ಚೌಕ ಇದ್ದರೆ ಅದು ಸಣ್ಣ ಸೆನ್ಸರಿಗೆ ಮಾಡಿದ ಇಎಫ್-ಎಸ್, ಕೂರೋದೇ ಇಲ್ಲ. ಆದರೆ ಬೇರೆ ಕಂಪನಿಗಳ ಸಣ್ಣ ಸೆನ್ಸರಿನ ಲೆನ್ಸುಗಳಾದ ಟ್ಯಾಮ್ರಾನ್ ಡಿಐ 2, ಸಿಗ್ಮಾ ಡಿಸಿ ಕೂರುತ್ತವೆ, ಮೂಲೆ ಕಪ್ಪು ಮಾಡುತ್ತವೆ, ಜೋಪಾನ. 600 ಸರಣಿಯ ಹಳೇ ಇಒಎಸ್ ಸಿಕ್ಕರೆ ಹಿಂಬಾಗಿಲು ತೆಗೆದು ಶಟರ್ ಎಲೆಗಳನ್ನು ನೋಡಿ. ಕಪ್ಪು ಅಂಟು ಕಂಡರೆ ಒಳಗಿನ ಫೋಮ್ ಕರಗಿದೆ ಅಂತ. ಬೆರಳು ಹಾಕಬೇಡಿ, ಬೇರೆ ಬಾಡಿ ನೋಡಿ.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾ) ಇಟ್ಟುಕೊಂಡವರಿಗೆ ದಾರಿಯಿಲ್ಲ. ನಿಕಾನ್ ಜೆಡ್ ಲೆನ್ಸ್ ಸೆನ್ಸರಿನಿಂದ 16 ಎಂಎಂ ದೂರದಲ್ಲಿ ಕೂರುವಂಥದ್ದು, ಎಫ್ ಮೌಂಟಿನಲ್ಲಿ ಆ ದೂರ 46.5 ಎಂಎಂ. ಮಧ್ಯೆ ಕನ್ನಡಿ ಇರಬೇಕಲ್ವಾ? ಕ್ಯಾನನ್‌ನ ಮಿರರ್‌ಲೆಸ್ ಆರ್‌ಎಫ್, ಸೋನಿ ಇ ಮೌಂಟಿನದ್ದೂ ಇದೇ ಹಣೆಬರಹ. ಆದರೆ ಅಡಾಪ್ಟರ್ ಹಾಕಿ ಹಳೇ ಇಎಫ್ ಲೆನ್ಸ್ ಬಳಸುತ್ತಿದ್ದರೆ ಅದನ್ನೇ ರೀಲ್ ಬಾಡಿಗೂ ಹಾಕಬಹುದು.

ಅಂಗಡಿಗೆ ನಿಮ್ಮದೇ ಲೆನ್ಸ್ ತೆಗೆದುಕೊಂಡು ಹೋಗಿ. ರೀಲ್ ಇಲ್ಲದೆ ಬಾಗಿಲು ತೆಗೆದು, ಮ್ಯಾನುವಲ್‌ನಲ್ಲಿ ಎಫ್16, ಒಂದು ಸೆಕೆಂಡ್ ಇಟ್ಟು ಹಿಂದಿನಿಂದ ನೋಡುತ್ತಾ ಕ್ಲಿಕ್ ಮಾಡಿ. ಸಣ್ಣ ತೂತು ಕಂಡರೆ, ಅದನ್ನೇ ಎಫ್4ಕ್ಕೆ ತಂದಾಗ ತೂತು ದೊಡ್ಡದಾದರೆ, ಆಮೇಲೆ ಚೌಕಾಸಿಗೆ ಇಳಿಯಿರಿ.