ದೇವರಿಗೆ ಬಿಟ್ಟ ಮೇಲೆ ದೂರು ಕೊಡಬಹುದಾ?

ಪ್ರಶ್ನೆ: ನಂಬಿದವರೇ ನನಗೆ ಮೋಸ ಮಾಡಿದರು. ‘ಸೇಡು ಬೇಡ, ದೇವರಿಗೆ ಬಿಟ್ಟುಬಿಡು’ ಅಂತ ನಮ್ಮ ಚರ್ಚಿನ ಸಭೆಯವರು ಹೇಳುತ್ತಾರೆ. ಹಾಗಾದರೆ ಪೊಲೀಸರಿಗೆ ದೂರು ಕೊಟ್ಟರೆ ನನಗೆ ನಂಬಿಕೆ ಇಲ್ಲ ಅಂತಲೇ?

ಖಂಡಿತ ಅಲ್ಲ. ದೂರು ಕೊಡಿ. ನೊಂದವರ ಬಾಯಿ ಮುಚ್ಚಿಸಲು ಈ ಮಾತನ್ನು ಬಳಸುವುದನ್ನು ಕಂಡರೆ ನನಗೆ ತುಂಬ ಸಂಕಟವಾಗುತ್ತದೆ.

ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಿ ಎಂದವನು ಯೇಸುವಿನ ಅಪೊಸ್ತಲ ಪೌಲ, ಬೈಬಲಿನಲ್ಲಿ ಅವನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ. ಅಲ್ಲಿಂದ ಕೆಲವೇ ಸಾಲು ಮುಂದೆ, ಕೆಟ್ಟದ್ದು ಮಾಡಿದವರನ್ನು ದಂಡಿಸುವ ಅಧಿಕಾರಿಯೂ ದೇವರ ಸೇವಕನೇ ಅನ್ನುತ್ತಾನೆ. ಅದನ್ನು ಯಾರೂ ಓದಿ ಹೇಳುವುದಿಲ್ಲ, ಅಲ್ವಾ? ಫಿಲಿಪ್ಪಿ ಪಟ್ಟಣದಲ್ಲಿ ಪೌಲನನ್ನು ವಿಚಾರಣೆಯೇ ಇಲ್ಲದೆ ಹೊಡೆದು ಸೆರೆಗೆ ಹಾಕಿದವರು ಮರುದಿನ ಗುಟ್ಟಾಗಿ ಕಳಿಸಲು ನೋಡಿದಾಗ, ಅವನು ಸುಮ್ನೆ ಹೋಗಲಿಲ್ಲ. ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ.

ದಾವೀದನ ಕಥೆ ನನಗೆ ಇನ್ನೂ ಹತ್ತಿರ. ಇಸ್ರಾಯೇಲಿನ ರಾಜ ಸೌಲ 3000 ಜನರನ್ನು ಕಟ್ಟಿಕೊಂಡು ಅವನನ್ನು ಕೊಲ್ಲಲು ಹುಡುಕುತ್ತಿದ್ದ. ಏನ್‌ಗೆದಿಯಲ್ಲಿ ದಾವೀದ ಅಡಗಿದ್ದ ಗುಹೆಗೇ ಸೌಲ ಒಬ್ಬನೇ ಬಂದ. ಇದೇ ಸಮಯ ಎಂದರು ಜೊತೆಗಿದ್ದವರು. ದಾವೀದ ಸೌಲನ ಬಟ್ಟೆಯ ಅಂಚನ್ನಷ್ಟೇ ಕತ್ತರಿಸಿದ. ಅದಕ್ಕೂ ಅವನ ಮನಸ್ಸು ಚುಚ್ಚಿತು. ಆದರೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಹೊರಗೆ ಬಂದು ಆ ತುಂಡನ್ನು ತೋರಿಸಿ, ನನಗೇಕೆ ಈ ಅನ್ಯಾಯ ಎಂದು ರಾಜನನ್ನೇ ಕೇಳಿದ. ನಮ್ಮಿಬ್ಬರ ನ್ಯಾಯವನ್ನು ಯೆಹೋವ ದೇವರೇ ತೀರಿಸಲಿ, ನನ್ನ ಕೈ ಮಾತ್ರ ನಿನ್ನ ಮೇಲೆ ಏಳುವುದಿಲ್ಲ ಎಂದ. ಸೌಲ ಗಟ್ಟಿಯಾಗಿ ಅತ್ತ, ತಪ್ಪು ಒಪ್ಪಿಕೊಂಡ. ಆಮೇಲೆ ಸೌಲ ತನ್ನ ಮನೆಗೆ ಹೋದ, ದಾವೀದ ಮಾತ್ರ ತನ್ನ ಸುರಕ್ಷಿತ ಜಾಗಕ್ಕೇ ಮರಳಿದ. ಸೇಡು ಬಿಟ್ಟನೆಂದು ಅವನ ಜೊತೆ ಹೋಗಲಿಲ್ಲ. ನೀವೂ ಮೋಸ ಮಾಡಿದವರ ಕೈಗೆ ಮತ್ತೆ ಹಣವನ್ನೋ ಮನೆಯನ್ನೋ ಕೊಡಬೇಕಾಗಿಲ್ಲ.

ನಿಮ್ಮೊಳಗಿರುವುದು ಸೇಡೋ ನ್ಯಾಯದ ಆಸೆಯೋ ಎಂದು ತಿಳಿಯಬೇಕೇ? ಕಳೆದದ್ದೆಲ್ಲ ನಾಳೆಯೇ ಕೈಗೆ ಬಂದರೆ ನಿಮಗೆ ಸಾಕೆನಿಸುತ್ತದಾ? ಇಲ್ಲ, ಅವರು ಹಾಳಾಗುವುದನ್ನು ಕಣ್ಣಾರೆ ನೋಡಬೇಕು ಅನ್ನಿಸುತ್ತದಾ? ಹಾಗನ್ನಿಸಿದರೆ ನಾಚಬೇಡಿ. ಬೈಬಲಿನ 94ನೇ ಕೀರ್ತನೆ ಹಾಗೆ ಕುದಿಯುತ್ತಲೇ ಶುರುವಾಗುತ್ತದೆ, ‘ಎಷ್ಟರವರೆಗೆ’ ಎಂದು ದೇವರನ್ನೇ ಕೇಳುತ್ತದೆ. ಆ ಸಿಟ್ಟನ್ನು ಪ್ರಾರ್ಥನೆಯಲ್ಲಿ ಇದ್ದ ಹಾಗೇ ಹೇಳಿಬಿಡಿ. ಉತ್ತರ ಬೇಗ ಬರದಿರಬಹುದು. ಸೌಲ ಮತ್ತೆ ಅಟ್ಟಿಸಿಕೊಂಡು ಬಂದ, ದಾವೀದ ಮತ್ತೆ ಕೈ ತಡೆದ.

ದೂರು ಬರೆಯಲು ಕೂತಾಗ ನಡೆದದ್ದನ್ನೆಲ್ಲ ಬರೆಯಿರಿ. ನಡೆಯದ ಒಂದು ಮಾತನ್ನೂ ಸೇರಿಸಬೇಡಿ.